ಟವೆಲ್ ಬಿದ್ದ ಪದ

ಬೇರೆ ಭಾಷೆಯ ಪದಗಳನ್ನು ತವರಿಗೆ ಕಳಿಸುವ ಕಚೇರಿ ನರಗುಂದದಲ್ಲೂ ತೆರೆದಿತ್ತು. ಹೋದ ವಾರ ‘ಫ್ಯಾನ್’ ಹೋದದ್ದೇ ತಡ, ಊರಿನ ಫ್ಯಾನುಗಳೆಲ್ಲ ನಿಂತಿದ್ದವು. ಇವತ್ತು ‘ಬಸ್’ ಪದದ ಸರದಿ. ನಿಲ್ದಾಣದಲ್ಲಿ ಬಸ್ಸುಗಳು ಆಗಲೇ ಕೆಮ್ಮತೊಡಗಿದ್ದವು.

ರೊಟ್ಟಿ ಮಾರುವ ನೀಲವ್ವ ಕಚೇರಿಯ ಕಿಟಕಿಯಲ್ಲಿ ಕೈ ತೂರಿಸಿ, ಸೀಟು ಹಿಡಿಯುವವಳಂತೆ, ಕುರ್ಚಿಯ ಮೇಲೆ ಕೂಡಿಸಿದ್ದ ಆ ಪದದ ಮೇಲೆ ಟವೆಲ್ ಎಸೆದಳು.

“ಇದನ್ನ ನಾ ಹಿಡದೀನ್ರಿ.”

“ಹಂಗ ಹಿಡಿಯಾಕ ಬರಂಗಿಲ್ಲ ಯವ್ವಾ,” ಅಂದ ಅಧಿಕಾರಿ. “ಇದು ಇಂಗ್ಲಿಷಿಂದು. ಅದಕ್ಕೂ ಮೊದಲು ಲ್ಯಾಟಿನ್ನಿಂದು.”

“ಅಲ್ಲಿ ಏನಂತ ಅರ್ಥ?”

ಅಧಿಕಾರಿ ನಿಘಂಟು ತೆರೆದ. “ಎಲ್ಲಾರಿಗೂ, ಅಂತ.”

“ಎಲ್ಲಾರೊಳಗ ನಾವಿಲ್ಲೇನ್ರಿ?”

ಅಧಿಕಾರಿ ಟವೆಲನ್ನೇ ನೋಡಿದ. ಅವನೂ ದಿನಾ ಬಸ್ಸಿನಲ್ಲಿ ಬರುವವನೇ. ಬಿದ್ದ ಟವೆಲನ್ನು ತೆಗೆಯಲು ಅವನಿಗೆ ಕೈ ಬರಲಿಲ್ಲ. ಪದವನ್ನು ಟವೆಲ್ ಸಮೇತ ಕಿಟಕಿಯಿಂದ ಕೊಟ್ಟ.

ನಿಲ್ದಾಣದ ಬಸ್ಸುಗಳೆಲ್ಲ ಒಮ್ಮೆಲೇ ಹಾರ್ನ್ ಹೊಡೆದವು. ನೀಲವ್ವ ಪದವನ್ನು ಕಂಕುಳಲ್ಲಿ ಇಟ್ಟುಕೊಂಡು, ಹಿಂದೆ ನೆರೆದಿದ್ದ ಜನರತ್ತ ತಿರುಗಿದಳು.

“ನಡೀರಿ, ಬಸ್ಸಿನ್ಯಾಗ ಹೋಗಿ ಫ್ಯಾನ್ ತರೂಣು.”