ಮೂಗಿಗಿಳಿದ ಟೊಪ್ಪಿ

ಕುಂಬಳಕಾಯಿ ಕಳ್ಳಿ ಎಂದರೆ ಪಕ್ಕದಲ್ಲಿ ಕೂತವಳ ಹೆಗಲು ಮುಟ್ಟಿ ನೋಡಿದಳಂತೆ. ಗಾದೆ ಹಾಗಿಲ್ಲ ಎಂದು ಮೂಗೆಳೆಯಬೇಡಿ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರೆ. ಇಲ್ಲಿ ಗಾದೆ ಸುಳ್ಳಾದರೂ ಕಥೆ ಸುಳ್ಳಲ್ಲ.

ಹ್ಯಾಝಲ್‌ಬಿಯ ಪಾದ್ರಿಮನೆಯಲ್ಲಿ ಆ ಸಂಜೆ ಕಳ್ಳಿ ಯಾರೆಂಬುದರಲ್ಲಿ ಲವೀನಿಯಾ ಪ್ರೌಸ್‌ಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಳು: ಹೆಸ್ಟರ್. ಮೂವತ್ತು ವರ್ಷದಿಂದ ಗೆಳತಿ.

ಲವೀನಿಯಾ ಪಾದ್ರಿ ಸೆಪ್ಟಿಮಸ್‌ನ ಅಕ್ಕ. ಮದುವೆಯಿಲ್ಲ, ತಮ್ಮನ ಮನೆ ನಡೆಸುವುದೇ ಸಂಸಾರ. ತಮ್ಮ ಅಂದು ಒಂದು ಹೊಚ್ಚಹೊಸ ಕಾದಂಬರಿಯನ್ನು ಗಟ್ಟಿಯಾಗಿ ಓದುತ್ತಿದ್ದ. ಲಂಡನ್ನಿನ ಕಾಲೇಜು ಗೆಳೆಯ ಕಳಿಸಿದ್ದಂತೆ. ಮೊದಲ ಪುಟದಲ್ಲಿ ಹೆಸರಿನ ಬದಲು 'ಒಬ್ಬ ಮಹಿಳೆ ಬರೆದದ್ದು' ಎಂದಷ್ಟೇ ಇತ್ತು. ಮರ್ಯಾದಸ್ಥ ಹೆಂಗಸರು ಹೆಸರು ಹಾಕಿಕೊಳ್ಳುವ ಕಾಲವಲ್ಲ ಅದು.

ಆಗೆಲ್ಲ ಹೊಸ ಪುಸ್ತಕದ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಸೀಳಿದರಷ್ಟೇ ಓದಲು ಸಿಗುತ್ತಿದ್ದವು. ಆ ಮಡಿಕೆಗಳನ್ನು ಸೀಳಿ ಕೊಡುವುದು ಆ ಮನೆಯಲ್ಲಿ ಯಾವಾಗಲೂ ಅಕ್ಕನ ಕೆಲಸ. ಎರಡು ಅಧ್ಯಾಯದಷ್ಟು ಸೀಳಿ ತಮ್ಮನ ಕೈಗಿತ್ತು, ಮುಂದಿನದಕ್ಕೆಂದು ದಂತದ ಚಾಕುವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಎರಡನೆಯ ಅಧ್ಯಾಯದ ನಡುವೆ ಮಿಸ್ ಪಿನಕ್ ಎಂಬವಳು ಬಂದಳು. ಅಲ್ಲಿಂದ ಚಾಕು ಮಡಿಲಿನಿಂದ ಮುಷ್ಟಿಗೆ ಏರಿತು.

ಮಿಸ್ ಪಿನಕ್ ಒಂದೇ ಚಹಾ ಸೊಪ್ಪನ್ನು ಮೂರು ಸಲ ಕುದಿಸುತ್ತಾಳೆ. ಪಂಜರದ ಹಕ್ಕಿಗೆ ಊರಿನ ಸುದ್ದಿ ಹೇಳುತ್ತಾಳೆ. ಮಾತಿಗೊಮ್ಮೆ 'ನನಗೇನು ಗೊತ್ತಪ್ಪ' ಎನ್ನುತ್ತಾಳೆ, ಎಲ್ಲ ಗೊತ್ತಿದ್ದೂ. ಸೆಪ್ಟಿಮಸ್ ಎದ್ದು ನಿಂತು, ಪುಸ್ತಕವನ್ನು ಮುಖದೆದುರು ಹಿಡಿದು, ಕೋಣೆಯುದ್ದಕ್ಕೂ ಓಡಾಡುತ್ತ, ಮೂಗಿನಲ್ಲಿ ಅವಳ ದನಿ ತೆಗೆದ.

"ಈ ದನಿ ನಾನು ಎಲ್ಲೋ ಕೇಳಿದೀನಲ್ಲ" ಎಂದಳು ಔಷಧದಂಗಡಿಯ ಮಿಸೆಸ್ ಬಂಡಕ್, ಕಣ್ಣೊರೆಸಿಕೊಂಡು ನಗುತ್ತ. "ಪಾದ್ರಿಗಳೇ, ಭಾನುವಾರ ಹೀಗೆ ಓದಿದ್ರೆ ನನಗ್ಯಾಕೆ ನಿದ್ದೆ ಬರತ್ತೆ? ಎರಡು ವರ್ಷದಿಂದ ಅದೇ ಹಳೇ ಬೋಧನೆ. ನೋಹನ ದೋಣಿ ನಾಲ್ಕು ಸಲ ಹತ್ತಿ ಇಳಿದಿದ್ದೀವಿ."

"ದಿನಾ ಮಧ್ಯಾಹ್ನದವರೆಗೂ ಬರೀತಾನೇ ಇರ್ತಾನಮ್ಮ, ಪಾಪ" ಎಂದಳು ಲವೀನಿಯಾ. ತಮ್ಮನನ್ನು ಬಿಟ್ಟುಕೊಟ್ಟವಳಲ್ಲ ಅವಳು.

ಅವನು ನಿಲ್ಲಿಸದೆ ಮೂರನೆಯ ಅಧ್ಯಾಯಕ್ಕೆ ನುಗ್ಗಿದ. ಅಲ್ಲಿ ಒಬ್ಬ ನೌಕಾದಳದ ಅಧಿಕಾರಿ ಮಿಸ್ ಪಿನಕ್‌ಳನ್ನು ಮದುವೆಯಾಗುವೆಯಾ ಎಂದು ಕೇಳುತ್ತಾನೆ. ಮೊದಲ ಸಲಕ್ಕೆ ಬೇಡವೆನ್ನಬೇಕು, ಎರಡನೆಯ ಸಲಕ್ಕೆ ತಲೆತಗ್ಗಿಸಿ ಒಪ್ಪಬೇಕು, ಅದೇ ಹೆಣ್ಣಿಗೆ ಮರ್ಯಾದೆ ಎಂದು ತಾಯಿ ಹೇಳಿಕೊಟ್ಟಂತೆ ಅವಳು ಬೇಡವೆನ್ನುತ್ತಾಳೆ. ಎರಡನೆಯ ಸಲ ಕೇಳಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ತಲೆಬಾಗಿ ವಂದಿಸಿ, ಗಾಬರಿಯಲ್ಲಿ ಗೂಟದ ಮೇಲಿದ್ದ ಯಾರದೋ ಟೊಪ್ಪಿ ಹಾಕಿಕೊಂಡು ಹೊರಡುತ್ತಾನೆ. ಅದು ಮೂಗಿನವರೆಗೆ ಇಳಿಯುತ್ತದೆ. ಮಿಸ್ ಪಿನಕ್ ಕಿಟಕಿಯಲ್ಲಿ ನಿಂತು ಆ ಟೊಪ್ಪಿ ಹಿಂದಿರುಗಿ ನೋಡಲೆಂದು ಕಾಯುತ್ತಾಳೆ, ಇಪ್ಪತ್ತೆರಡು ವರ್ಷ.

ಮಿಸೆಸ್ ಬಂಡಕ್ ನಕ್ಕು ನಕ್ಕು ಬಟ್ಟಲು ಚೆಲ್ಲಿದಳು. ಹೆಸ್ಟರ್ ನಗಲಿಲ್ಲ. ಅದೇ ಸಾಕ್ಷಿಯಾಯಿತು. ಇಪ್ಪತ್ತೆರಡು ವರ್ಷದ ಹಿಂದೆ ನೌಕಾದಳದ ಲೆಫ್ಟಿನೆಂಟ್ ಗ್ರೇಲಿಂಗ್ ತನ್ನನ್ನು ಕೇಳಲು ಬಂದುಹೋದದ್ದನ್ನು ಲವೀನಿಯಾ ಜನ್ಮದಲ್ಲಿ ಒಬ್ಬಳಿಗೇ ಹೇಳಿದ್ದಳು. ಆ ಒಬ್ಬಳು ತಿಂಗಳಿಗೊಮ್ಮೆ ಲಂಡನ್ನಿಗೆ ದಪ್ಪ ಕಾಗದದ ಕಟ್ಟು ಕಳಿಸುತ್ತಾಳೆ. ತಂಗಿಗೆ ಎನ್ನುತ್ತಾಳೆ.

"ಚೆನ್ನಾಗಿ ಬರ್ದಿದೀಯ, ಹೆಸ್ಟರ್."

"ನಾನಾ?"

"ಇನ್ಯಾರಿಗೆ ಗೊತ್ತಿತ್ತು? ನಿನ್ನ ಮಡಿಲಲ್ಲಿ ತಲೆ ಇಟ್ಟು ಅತ್ತಿದ್ದು ನಾನು. ಅದನ್ನೂ ಅಚ್ಚು ಹಾಕಿಸಿಬಿಡ್ಬೇಕಿತ್ತು."

ಹೆಸ್ಟರ್ ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟಳು. "ಲವ್ವಿ, ಅವರು ಕೇಳಿದ್ದು, ನೀನು ಬೇಡ ಅಂದಿದ್ದು ಹೇಳಿದ್ದೆ. ಟೊಪ್ಪಿ ವಿಷಯ ನೀನು ನನಗೆ ಹೇಳೇ ಇಲ್ವಲ್ಲೇ."

"ಹೇಳದೆ ನಿನಗೆ ಕನಸು ಬಿತ್ತಾ? ಎದ್ದು ಹೋಗು. ಇನ್ನು ಈ ಮನೆ ಹೊಸಿಲು ತುಳೀಬೇಡ."

ಹೆಸ್ಟರ್ ಎದ್ದಳು. ಶಾಲು ಹೊದ್ದು ಬಾಗಿಲಿಗೆ ನಡೆದಳು. ಸುದ್ದಿ ತಣ್ಣಗಾಗುವ ಮೊದಲು ಊರು ಮುಟ್ಟಿಸಬೇಕೆಂದು ಮಿಸೆಸ್ ಬಂಡಕ್ ಹಿಂದೆಯೇ ಹೊರಟಳು. ಅವರಿಬ್ಬರನ್ನೂ ಬಾಗಿಲವರೆಗೆ ಬಿಡಲು ಸೆಪ್ಟಿಮಸ್ ಹೋದ.

ಪುಸ್ತಕ ಮೇಜಿನ ಮೇಲಿತ್ತು. ಒಲೆಗೆ ಹಾಕುವ ಮೊದಲು ಆ ಸಾಲುಗಳನ್ನು ಕಣ್ಣಾರೆ ನೋಡಿಬಿಡೋಣವೆಂದು ಲವೀನಿಯಾ ಅದನ್ನು ಎತ್ತಿಕೊಂಡಳು. ಮೂರನೆಯ ಅಧ್ಯಾಯ ಹುಡುಕಿದಳು. ಹಾಗೇ ನಿಂತುಬಿಟ್ಟಳು.

"ಹೋಗ್ಲಿ ಬಿಡಕ್ಕ" ಎನ್ನುತ್ತ ತಮ್ಮ ಒಳಬಂದ. "ಒಬ್ಬರನ್ನ ನಂಬಿದ್ರೆ ಹೀಗೇ. ಅವಳ ಸಹವಾಸ ಇನ್ನು ಬೇಡ."

"ಬೇಡ. ಆ ಟೊಪ್ಪಿಯ ಭಾಗ ಇನ್ನೊಂದು ಸಲ ಓದೋ."

"ನೋವಾಗಲ್ವಾ?"

"ನನಗೇನು ಗೊತ್ತಪ್ಪ. ಓದು."

ಅವನು ಪುಸ್ತಕ ತೆಗೆದುಕೊಂಡು, ಬೆನ್ನು ನೇರ ಮಾಡಿ, ಮುಖದೆದುರು ಹಿಡಿದು ಓದಿದ. ಒಂದಕ್ಷರ ತಪ್ಪಲಿಲ್ಲ. ಅದೇ ಮೂಗಿನ ದನಿ, ಅದೇ ನಿಲುಗಡೆ, ಟೊಪ್ಪಿ ಇಳಿಯುವಲ್ಲಿ ಅದೇ ಕೆಮ್ಮು.

ಲವೀನಿಯಾ ನಗತೊಡಗಿದಳು. ಮೊದಲು ಗಂಟಲೊಳಗೆ, ಆಮೇಲೆ ಕುರ್ಚಿ ಹಿಡಿದುಕೊಂಡು, ಮಿಸೆಸ್ ಬಂಡಕ್ ಸಂಜೆಯೆಲ್ಲ ನಕ್ಕದ್ದಕ್ಕಿಂತ ಜೋರಾಗಿ. ತೋಟದ ಗೇಟಿನ ಬಳಿ ಹೆಸ್ಟರ್ ನಿಂತು, ತಿರುಗಿ ನೋಡಿದಳು.

"ಯಾಕಕ್ಕ ನಗ್ತೀಯ?"

ಅವಳು ಮುಷ್ಟಿ ಬಿಡಿಸಿ, ಬೆವರಿದ ದಂತದ ಚಾಕುವನ್ನು ಅವನ ಮುಂದೆ ಚಾಚಿದಳು.

"ತಗೋ. ಆ ಹಾಳೆ ಇನ್ನೂ ಸೀಳಿಲ್ಲ ಕಣೋ."