ಇಪ್ಪತ್ತೇಳನೇ ಟಾರ್ಪಿಡೊ

"ಸಹಿ ನಿಮ್ದೇ ತಾನೆ?" ಎಂದು ನೌಕಾದಳದ ಅಧಿಕಾರಿ ಚೀಟಿಯನ್ನು ಮೇಜಿನ ಮೇಲೆ ಸರಿಸಿದ. ಇಪ್ಪತ್ತೇಳನೇ ನಂಬರಿನ ಟಾರ್ಪಿಡೊದ ತಪಾಸಣೆ ಚೀಟಿ.

ಎದುರು ನಿಂತವಳನ್ನು ಆ ಟಾರ್ಪಿಡೊ ಕಾರ್ಖಾನೆಯಲ್ಲಿ ಎಲ್ಲರೂ ಮೂಗಿನಮ್ಮ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷದಿಂದ ಅವಳದು ಟಾರ್ಪಿಡೊದ ಮೂಗಿನ ಕೆಲಸ. ಮೂಗಿನ ತುದಿಯಲ್ಲೊಂದು ಪುಟ್ಟ ಫ್ಯಾನು. ನೀರಿನಲ್ಲಿ ಓಡುವಾಗ ಅದು ತಿರುಗಿ ತಿರುಗಿ ಒಳಗಿನ ಬೀಗ ಬಿಚ್ಚಬೇಕು. ಆಮೇಲೆ ಯಾವುದಕ್ಕೆ ತಾಗಿದರೂ ಸ್ಫೋಟ. ಬೀಗ ಬಿಚ್ಚದಿದ್ದರೆ ಅದು ಬರೀ ಒಂದೂವರೆ ಟನ್ ಕಬ್ಬಿಣ.

"ನಂದೇ ಸಾರ್," ಎಂದಳು. ಹದಿನಾಲ್ಕು ಗಂಟೆಯ ಪಾಳಿ ಮುಗಿಸಿ ಬಂದವಳಲ್ಲಿ ಸುಳ್ಳು ಹೇಳುವಷ್ಟು ತ್ರಾಣವೂ ಉಳಿದಿರಲಿಲ್ಲ.

ಅಧಿಕಾರಿಯೂ ಸುಸ್ತಾಗಿದ್ದ. ಚಿಕ್ಕ ವಯಸ್ಸು, ಬಿಳುಚಿದ ಮುಖ. ಕಿಟಕಿಯಿಂದ ಬರುವ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡೇ ಮಾತಾಡುತ್ತಿದ್ದ. "ಸರಿಯಾಗಿ ನಡುಮಧ್ಯಕ್ಕೇ ಬಡೀತು. ಒಂದು ಗೇಣು ತಗ್ಗು ಬಿತ್ತು. ಸಿಡೀಲಿಲ್ಲ."

ಪಕ್ಕದಲ್ಲಿದ್ದ ಮೇಸ್ತ್ರಿ ಇದಕ್ಕೇ ಕಾಯುತ್ತಿದ್ದ. "ಕೇಳಿದ್ಯಾ? ಅಷ್ಟು ದೂರ ಹೋಗಿ ಶತ್ರು ಹಡಗಿಗೆ ಮುತ್ತು ಕೊಟ್ಟು ಬಂತಂತೆ ನಿನ್ನ ಮೂಗು."

ಮೇಸ್ತ್ರಿಯದು ಜೈರೊ ವಿಭಾಗ. ಜೈರೊ ಎಂದರೆ ಟಾರ್ಪಿಡೊದೊಳಗೆ ಬುಗುರಿಯಂತೆ ಸುತ್ತುತ್ತಾ ಅದು ದಾರಿ ತಪ್ಪದಂತೆ ಕಾಯುವ ಚಕ್ರ. ಜೈರೊ ಬರುವ ಮೊದಲು ಟಾರ್ಪಿಡೊ ಅಲೆ ತಳ್ಳಿದ ಕಡೆ ಹೋಗುತ್ತಿತ್ತು. ಅದಕ್ಕೂ ಹಿಂದೆ, ಅಜ್ಜಂದಿರ ಕಾಲದಲ್ಲಿ, ಉದ್ದನೆಯ ಕೋಲಿನ ತುದಿಗೆ ಮದ್ದು ಕಟ್ಟಿ ದೋಣಿಯಲ್ಲಿ ಹೋಗಿ ಹಡಗಿಗೆ ತಿವಿಯುತ್ತಿದ್ದರಂತೆ. ತಿವಿದವರು ಮನೆಗೆ ಬಂದದ್ದು ಕಡಿಮೆ. ಈ ಪುರಾಣವನ್ನು ಮೇಸ್ತ್ರಿ ಹೊಸಬರಿಗೆಲ್ಲ ಕೊರೆಯುತ್ತಿದ್ದ, ಜೈರೊ ಕಂಡುಹಿಡಿದವನು ತಾನೇ ಎಂಬ ಗತ್ತಿನಲ್ಲಿ.

"ಇದರ ಜೈರೊ ಕೂರಿಸಿದ್ದು ಯಾರು?" ಅಧಿಕಾರಿ ಕೇಳಿದ.

"ನಾನೇ ಸಾರ್. ಬೇರೆ ಯಾರಿಗೂ ಕೈ ಹಚ್ಚೋಕೆ ಬಿಟ್ಟಿಲ್ಲ. ಅದು ಹೋಗಿ ಮುಟ್ಟಿದ್ದು ನನ್ನಿಂದ. ಸಿಡೀದೆ ಇದ್ದದ್ದು ಇವಳಿಂದ."

"ಹಾಗೇ ಬರ್ಕೊಳ್ಳಲಾ?"

"ಧಾರಾಳವಾಗಿ ಬರ್ಕೊಳ್ಳಿ. ಸಹಿ ಹಾಕ್ತೀನಿ." ಹಾಕಿದ. ಕೆಳಗೆ ಗೆರೆಯನ್ನೂ ಎಳೆದ.

ಮೂಗಿನಮ್ಮನಿಗೆ ಕೆಲಸ ಹೋಗುವ ಚಿಂತೆ ಇರಲಿಲ್ಲ. ಅವಳ ಒಬ್ಬನೇ ಮಗ ಸಬ್‌ಮರೀನಿನಲ್ಲಿದ್ದ. ಎರಡು ತಿಂಗಳಿಂದ ಅವನ ಕಾಗದವಿಲ್ಲ. ಸಿಡಿಯದ ಟಾರ್ಪಿಡೊ ಎಂದರೆ ಶತ್ರುವಿನ ಬಾಗಿಲು ತಟ್ಟಿ ಎಬ್ಬಿಸಿದ ಹಾಗೆ. ಎದ್ದವರು ಅದನ್ನು ಬಿಟ್ಟವರನ್ನು ಹುಡುಕಿಕೊಂಡು ಬಾರದೆ ಇರುವುದಿಲ್ಲ.

"ಯಾವ ಸಬ್‌ಮರೀನಿಂದ ಬಿಟ್ಟದ್ದು, ಸಾರ್?"

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದ. "ನಿಮ್ಮ ಮಗ ಇದ್ದ ಸಬ್‌ಮರೀನಿಂದಲೇ."

ಅವಳು ಮೇಜಿನ ಅಂಚು ಹಿಡಿದು ಕೂತಳು. ಹೆತ್ತ ಮಗನನ್ನು ತನ್ನ ಕೈಯಾರೆ ಕೊಂದೆನಲ್ಲ ಎಂದುಕೊಂಡಳು. ಅಳು ಬರಲಿಲ್ಲ, ಅಳುವುದಕ್ಕೂ ಶಕ್ತಿ ಬೇಕು.

"ಅವತ್ತು ಫ್ಯಾನು ಬಿಗಿಯಾಗಿತ್ತು," ಎಂದಳು. "ಬೆರಳಲ್ಲಿ ತಿರುಗಿಸಿದ್ರೆ ಅರ್ಧ ಸುತ್ತಿಗೇ ನಿಲ್ತಿತ್ತು. ಬಿಚ್ಚಿ ಮತ್ತೆ ಕೂರಿಸಬೇಕಿತ್ತು, ಒಂದು ಗಂಟೆ ಕೆಲಸ. ಕೈಯಲ್ಲಿ ಆಗ್ಲಿಲ್ಲ. ಸಾಕಾಗಿಹೋಗಿತ್ತು. ಸರಿಯಿದೆ ಅಂತ ಸಹಿ ಹಾಕಿ ಮನೆಗೆ ಹೋಗಿ ಮಲಗಿಬಿಟ್ಟೆ. ಏನು ಶಿಕ್ಷೆ ಬೇಕಾದ್ರೂ ಕೊಡಿ. ನನ್ನ ಮಗ ಏನಾದ ಅನ್ನೋದು ಮೊದಲು ಹೇಳಿ."

"ನೋಡಿದ್ರಾ ಸಾರ್, ಬಾಯಿಬಿಟ್ಟಳು," ಎಂದ ಮೇಸ್ತ್ರಿ.

ಅಧಿಕಾರಿ ಅದನ್ನೂ ಬರೆದುಕೊಂಡು, ಪೆನ್ನಿನ ಮುಚ್ಚಳ ಹಾಕಿದ. ಆಮೇಲೆ ಎದ್ದು, ಮೇಸ್ತ್ರಿಯ ಕಡೆ ತಿರುಗಿಯೂ ನೋಡದೆ ಅವಳ ಪಕ್ಕಕ್ಕೆ ಬಂದು ನಿಂತ.

"ನಿಮಗೆ ಮೊದಲೇ ಹೇಳಬಹುದಿತ್ತು, ಆದರೆ ಇವರ ಸಹಿ ಬೇಕಿತ್ತು," ಎಂದ. "ಜೈರೊ ಕೈಕೊಟ್ಟಿತ್ತಮ್ಮ; ಟಾರ್ಪಿಡೊ ದೊಡ್ಡದೊಂದು ಸುತ್ತು ಹೊಡೆದು ವಾಪಸ್ ಬಂದು ಬಡಿದದ್ದು ನಮ್ಮ ಸಬ್‌ಮರೀನಿಗೇ, ನಿಮ್ಮ ಮೂಗು ಸಿಡೀಲಿಲ್ಲ, ಅದಕ್ಕೇ ನಾನೂ ನಿಮ್ಮ ಮಗನೂ ಸೇರಿ ನಲವತ್ತೊಂದು ಜನ ನಿನ್ನೆ ಬಂದರಿನಲ್ಲಿ ಜೀವಂತ ಇಳಿದಿದ್ದೀವಿ."