ಅದೇ ಚಮಚ

"ಅತ್ತೆ, ಚಮಚ!"

ಸೊಸೆ ಕೂಗಿದ ರಭಸಕ್ಕೆ ಅತ್ತೆಯ ಕೈ ಅರ್ಧದಲ್ಲೇ ನಿಂತಿತು. ಮೈಕ್ರೋವೇವ್‌ನಿಂದ ಆಗಷ್ಟೇ ಇಳಿಸಿದ ಮಗ್‌ನಲ್ಲಿ ಬಾದಾಮಿ ಪುಡಿಯ ಚಾಕೊಲೇಟ್ ಕೇಕ್ ಹಬೆಯಾಡುತ್ತಿತ್ತು. ಗೋಧಿ ಒಗ್ಗದ ಸೊಸೆ ತನ್ನೊಬ್ಬಳಿಗೆ ಅಂತ ಮಾಡಿಕೊಂಡದ್ದು. ರುಚಿ ನೋಡಲು ಬಂದ ಚಮಚಕ್ಕೋ, ಅತ್ತೆ ತಿನ್ನುತ್ತಿದ್ದ ಬೇಕರಿ ಕೇಕಿನ ಚೂರು ಅಂಟಿತ್ತು. ಹಿಂದೆಯೂ ಹೀಗೇ ಆಗಿತ್ತು. ಆಗ ಹೇಳಲು ಬಾಯಿ ಬರದೆ ತಿಂದು, ಹೊಟ್ಟೆ ಹಿಡಿದುಕೊಂಡು ಮಲಗಿ, ತಲೆನೋವು ಅಂತ ಸುಳ್ಳು ಹೇಳಿದ್ದಳು.

"ಯಾಕೆ, ನನ್ನ ಎಂಜಲು ಅಂದ್ರೆ ಹೇಸಿಗೆನಾ?"

"ಎಂಜಲಲ್ಲ ಅತ್ತೆ, ಗೋಧಿ. ಒಂದು ಚೂರು ಸೇರಿದ್ರೂ ನಾನು ಹಾಸಿಗೆ ಹಿಡೀತೀನಿ. ಆವತ್ತಿಂದು ತಲೆನೋವಲ್ಲ." ಸೊಸೆ ಮಗ್‌ನ ಹಿಡಿಯನ್ನು ಸುಮ್ಮನೆ ಅತ್ತಿತ್ತ ತಿರುಗಿಸುತ್ತಲೇ ಇದ್ದಳು.

ಅತ್ತೆ ಎದ್ದು ದಡದಡ ಸಿಂಕಿನ ಕಡೆ ನಡೆದರು. ಚಮಚವನ್ನು ಗರಗರ ತಿಕ್ಕತೊಡಗಿದರು. ಮುಗೀತು, ಇನ್ನು ವಾರಗಟ್ಟಲೆ ಮಾತಿಲ್ಲ, ಕಥೆಯಿಲ್ಲ ಅಂತ ಸೊಸೆ ಅಂದುಕೊಂಡಳು. ಅಷ್ಟರಲ್ಲಿ ಗಳಗಳ ಬಾಯಿ ಮುಕ್ಕಳಿಸುವ ಸದ್ದು ಕೇಳಿಸಿತು. ಮತ್ತೆ ಮುಕ್ಕಳಿಸಿದರು. ಮತ್ತೊಮ್ಮೆ.

ಬಾಯಿ ಒರೆಸಿಕೊಂಡು ಬಂದವರೇ, ತೊಳೆದ ಚಮಚವನ್ನು ಮಗ್‌ನೊಳಗೆ ಇಳಿಸಿ ಒಂದು ತುತ್ತು ತಿಂದರು. ಅದೇ ಚಮಚದಲ್ಲಿ ಇನ್ನೊಂದು ತುತ್ತು ತೆಗೆದು ಸೊಸೆಯ ಮುಖಕ್ಕೆ ಹಿಡಿದರು.

"ಗೋಧಿ ಹೋಯ್ತು. ಈಗಿರೋದು ಬರೀ ಎಂಜಲು. ಬಾಯಿ ತೆಗಿ, ನೋಡೋಣ."

ಸೊಸೆ ಚಮಚ ಪಳಪಳ ಅನ್ನುವ ತನಕ ಚೀಪಿದಳು.